ಮೀಟರ್ ಬಿಟ್ಟು ತಕ್ಕಡಿ ಹಿಡಿದೆ

"ಬಟ್ಟೆ ತೂಗಿ ಆ್ಯಂಟಿ ಡಂಪಿಂಗ್ ಕೇಸ್ ಗೆಲ್ಲೋಕಾಗುತ್ತಾ?" ಎಂದು ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹೊರದೇಶದ ಮಾಲು ತೀರಾ ಅಗ್ಗಕ್ಕೆ ಬಂದು ಸುರಿದಾಗ ಅದರ ಮೇಲೆ ಹೆಚ್ಚುವರಿ ಸುಂಕ ಹಾಕಿ ಎಂದು ಸರ್ಕಾರವನ್ನು ಕೇಳುವ ಕೇಸ್ ಅದು.

ಪಾಲಿಯೆಸ್ಟರ್ ಬಟ್ಟೆ ನೇಯುವ ಹತ್ತು ಹನ್ನೆರಡು ಮಿಲ್‌ಗಳ ಪರವಾಗಿ ಲೆಕ್ಕ ನೋಡಿಕೊಂಡವನು ನಾನು. ಮೊದಲ ಅರ್ಜಿ ವಾಪಸ್ ಬಂತು. ತಪ್ಪು ನಮ್ಮದೇ. ಸಿಂಥೆಟಿಕ್ ಬಟ್ಟೆ ಅಂತ ಇರುವುದನ್ನೆಲ್ಲ ಅರ್ಜಿಯೊಳಗೆ ತುರುಕಿದ್ದೆವು. ಅರ್ಜಿಯ ಹಿಂದೆ ಆ ಮಾಲಿನ ದೇಶದ ಉತ್ಪಾದನೆಯಲ್ಲಿ ಕನಿಷ್ಠ 25% ಮಾಡುವವರಿರಬೇಕು. ಅಷ್ಟಕ್ಕೆಲ್ಲ ಆ ಬೆಂಬಲ ಎಲ್ಲಿಂದ ತರೋದು? ಸಾಲದ್ದಕ್ಕೆ, ಸಹಿ ಹಾಕಿದ ಇಬ್ಬರು ತಾವೇ ಅದೇ ಬಟ್ಟೆ ಆಮದು ಮಾಡುತ್ತಿದ್ದರು! ವಕೀಲರ ಫೀಸು, ಡೇಟಾಗೆ ಕೊಟ್ಟ ದುಡ್ಡು, ಎಲ್ಲ ನೀರುಪಾಲು. ಚಂದಾ ಹಾಕಿದ್ದ ಮೂವರು ನನ್ನ ಜೊತೆ ಮಾತೇ ಬಿಟ್ಟರು.

ಎರಡನೇ ಸಲ ಒಂದೇ ಬಗೆಯ ಬಟ್ಟೆ ಹಿಡಿದೆವು. ಆದರೂ ಆಮದು ಬೆಲೆ ನಮ್ಮದಕ್ಕಿಂತ ಬರೀ 3% ಕಡಿಮೆ ಅಂತ ಬಂತು. ಅತ್ತ ಒಂದೊಂದೇ ಲೂಮ್ ನಿಲ್ಲುತ್ತಿದೆ, ಇತ್ತ ಕಾಗದದ ಮೇಲೆ ಎಲ್ಲ ಸರಿ. ಕಸ್ಟಮ್ಸ್ ಲೆಕ್ಕ ಕಿಲೋದಲ್ಲಿ, ನಮ್ಮ ಬಿಲ್ಲು ಮೀಟರ್‌ನಲ್ಲಿ. ಕಿಲೋಗೆ 5 ಮೀಟರ್ ಎಂದು ಯಾವ ಕಾಲದಲ್ಲೋ ಯಾರೋ ಬರೆದದ್ದನ್ನೇ ಎಲ್ಲರೂ ಸುಮ್ನೆ ಕಾಪಿ ಹೊಡೆಯುತ್ತಿದ್ದರು.

ಆಮದು ಥಾನು ಕೊಂಡು ತಂದೆ. ಜಿಎಸ್‌ಎಂ ಕಟರ್‌ನಲ್ಲಿ ಚದರ ಮೀಟರಿನ ನೂರನೇ ಒಂದು ಭಾಗದಷ್ಟು ಬಿಲ್ಲೆ ಕತ್ತರಿಸಿ ಎಲೆಕ್ಟ್ರಾನಿಕ್ ತಕ್ಕಡಿಗಿಟ್ಟರೆ 1.12 ಗ್ರಾಂ. ಅಂದರೆ 112 ಜಿಎಸ್‌ಎಂ, ಚದರ ಮೀಟರಿಗೆ 112 ಗ್ರಾಂ. ಅಗಲ 58 ಇಂಚು. ಕಿಲೋಗೆ 6 ಮೀಟರ್ ದಾಟಿತು! ಅಂದರೆ ಆಮದು ಬಟ್ಟೆ ಮೀಟರಿಗೆ ಇನ್ನೂ ಅಗ್ಗ. ಬೆಲೆಯ ವ್ಯತ್ಯಾಸ 3% ಇದ್ದದ್ದು 20%ರ ಹತ್ತಿರ ಹೋಯಿತು. ಒಟ್ಟು ಅರವತ್ತು ಥಾನು ತೂಗಿರಬೇಕು. ಯಾವ ಥಾನು ಆರಿಸಿದೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಅದೇ ಹುಮ್ಮಸ್ಸಿನಲ್ಲಿ ಶೂಗೂ ಕೈ ಹಾಕಿ ಸುಟ್ಟುಕೊಂಡೆ. ಎರಡು ಜೊತೆ ಶೂ, ತೂಕ ಹೆಚ್ಚುಕಡಿಮೆ ಒಂದೇ. ಒಂದು ಚರ್ಮದ್ದು, ಇನ್ನೊಂದು ರೆಕ್ಸಿನ್. ಬೆಲೆ ಅರ್ಧಕ್ಕರ್ಧ ವ್ಯತ್ಯಾಸ. ಯುರೋಪ್ ಒಕ್ಕೂಟ 2006ರಲ್ಲಿ ಚರ್ಮದ ಶೂಗಳ ಮೇಲೆ ಚೀನಾಕ್ಕೆ 16.5%ವರೆಗೆ, ವಿಯೆಟ್ನಾಂಗೆ 10% ಸುಂಕ ಹಾಕಿದಾಗ ಕೆಲವು ಸ್ಪೋರ್ಟ್ಸ್ ಶೂಗಳನ್ನು ಹೊರಗಿಟ್ಟಿತ್ತು. ಶೂ ಅಂದರೆ ಎಲ್ಲ ಒಂದೇ ಅಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು, ನನಗೆ ದುಡ್ಡು ಕಳೆದ ಮೇಲೆ ಗೊತ್ತಾಯಿತು.

ಪರಿಶೀಲನೆಗೆ ಬಂದ ಅಧಿಕಾರಿ ಬಿಲ್ಲೆ ತಾವೇ ಕತ್ತರಿಸಿದರು. 1.13. ಮಾತಾಡದೆ ಬರೆದುಕೊಂಡರು. ತನಿಖೆ ಶುರುವಾಗಿ ಹದಿಮೂರು ತಿಂಗಳಿಗೆ ಐದು ವರ್ಷದ ಸುಂಕ ಬಂತು. ಮಾತು ಬಿಟ್ಟಿದ್ದ ಮೂವರಲ್ಲಿ ಇಬ್ಬರು ಚಂದಾ ಬಾಕಿಯನ್ನೂ ಕಟ್ಟಿದ್ದಾರೆ.