ಓಮದ ಕಷಾಯಕ್ಕೆ ಬಗ್ಗದ ಹೊಟ್ಟೆನೋವು

ಹೊಟ್ಟೆನೋವು ಎಂದ ಕೂಡಲೇ ನಮ್ಮ ಉಡುಪಿಯ ಮನೆಗಳಲ್ಲಿ ಕೈ ಹೋಗುವುದು ಓಮದ ಡಬ್ಬಿಗೆ. ಅದರಲ್ಲಿ ತಪ್ಪೇನಿಲ್ಲ. ಮದುವೆಯೂಟದಲ್ಲಿ ಹೋಳಿಗೆ ಹೆಚ್ಚಾದ ಹೊಟ್ಟೆ, ಹಲಸಿನ ಹಣ್ಣು ಮಿತಿಮೀರಿದ ಹೊಟ್ಟೆ ಓಮ, ಜೀರಿಗೆ ಕುದಿಸಿದ ನೀರು ಕುಡಿದು ರಾತ್ರಿ ಕುಚ್ಚಲಕ್ಕಿ ಗಂಜಿ ಉಂಡರೆ ಬೆಳಗಾಗುವಷ್ಟರಲ್ಲಿ ಹಗುರಾಗುತ್ತದೆ. ವಾಯು ಹೋದರೆ ಆ ನೋವು ಇಳಿಯುತ್ತದೆ, ಮುಟ್ಟಿದರೆ ಹೊಟ್ಟೆ ಮೆತ್ತಗಿರುತ್ತದೆ. ಆದರೆ ಕಷಾಯಕ್ಕೆ ನೀರಿಡುವ ಮೊದಲು ಗಡಿಯಾರ ನೋಡಿ. ನೋವು ಎಷ್ಟು ಗಂಟೆಗೆ, ಎಲ್ಲಿ ಶುರುವಾಯಿತು ಎಂದು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.

ಈ ಅಭ್ಯಾಸ ಒಂದು ಆಟಿ ತಿಂಗಳಲ್ಲಿ ಶುರುವಾದದ್ದು. ಮೈದುನನ ಮಗನಿಗೆ ಆಗ ಹದಿಮೂರು ವರ್ಷ. ಸಂಜೆ ಶಾಲೆಯಿಂದ ಬಂದವನು ಹೊಕ್ಕುಳಿನ ಸುತ್ತ ನೋವು ಎಂದ. ಪತ್ರೊಡೆ ಎಂದರೆ ಪ್ರಾಣ ಬಿಡುವ ಹುಡುಗ ಅಂದು ತಟ್ಟೆಯನ್ನು ಆಚೆ ದೂಡಿದ. ಅಷ್ಟರಲ್ಲೇ ನನಗೆ ತಿಳಿಯಬೇಕಿತ್ತು. ಮಲಬದ್ಧತೆ ಇರಬಹುದೆಂದು ಹರಳೆಣ್ಣೆ ಕುಡಿಸಿದೆ. ಬೆಳಗಿನ ಹೊತ್ತಿಗೆ ನೋವು ಹೊಕ್ಕುಳು ಬಿಟ್ಟು ಕೆಳಹೊಟ್ಟೆಯ ಬಲಕ್ಕೆ ಸರಿದಿತ್ತು. ಎರಡು ಸಲ ವಾಂತಿಯಾಗಿ ಮೈ ಬಿಸಿಯಾಗಿತ್ತು. ರಿಕ್ಷಾ ರಸ್ತೆಯ ಹೊಂಡಕ್ಕೆ ಇಳಿದಾಗಲೆಲ್ಲ ನನ್ನ ಸೆರಗನ್ನು ಬಿಗಿಯಾಗಿ ಹಿಡಿದು, “ದೊಡ್ಡಮ್ಮ, ಮೆಲ್ಲ ಹೋಗಲಿಕ್ಕೆ ಹೇಳಿ” ಎನ್ನುತ್ತಿದ್ದ. ಆ ಮಾತೇ ಕಾಯಿಲೆಯ ಗುರುತು ಎಂದು ಆಮೇಲೆ ಸರ್ಜನ್ ತಿಳಿಸಿದರು. ಅಪೆಂಡಿಕ್ಸ್ ಬಾತಾಗ ಕೆಮ್ಮಿದರೂ, ಮೈ ಕುಲುಕಿದರೂ ನೋವು ಇರಿಯುತ್ತದೆ. ಅಂದೇ ಶಸ್ತ್ರಚಿಕಿತ್ಸೆಯಾಗಿ ಹುಡುಗ ಉಳಿದ. ಇಂಥ ಹೊಟ್ಟೆಗೆ ಭೇದಿಯ ಮದ್ದನ್ನಾಗಲಿ ಎನಿಮಾವನ್ನಾಗಲಿ ಕೊಡಲೇಬಾರದು, ಅಪೆಂಡಿಕ್ಸ್ ಒಡೆಯುವ ಅಪಾಯವಿದೆ. ಒಡೆದ ಮೇಲೆ ಸ್ವಲ್ಪ ಹೊತ್ತು ನೋವು ತಗ್ಗಿದಂತೆ ಕಾಣುವುದೂ ಉಂಟು. ಗುಣವಾಯಿತೆಂದು ಮಗುವನ್ನು ಮಲಗಿಸಬೇಡಿ.

ನರಳುವವರು ಹೇಗೆ ಮಲಗಿದ್ದಾರೆ ಎಂಬುದನ್ನೂ ನೋಡಬೇಕು. ಮೂತ್ರಪಿಂಡದ ಕಲ್ಲಿನವರು ಹೊರಳಾಡುತ್ತಾರೆ. ನೋವು ಬೆನ್ನಿನ ಪಕ್ಕದಿಂದ ತೊಡೆಸಂದಿಗೆ ಇಳಿಯುತ್ತದೆ. ಹೊಟ್ಟೆಯೊಳಗೆ ಸೋಂಕು ಹರಡಿದವರು ಅಲುಗದೆ ಮಲಗುತ್ತಾರೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಕಲ್ಲಿಗೆ ಬಾಳೆದಿಂಡಿನ ರಸ ಎಂದು ನಮ್ಮಲ್ಲಿ ನಂಬಿಕೆ. ಜ್ವರ ಬಂದರೆ, ಮೂತ್ರ ಕಟ್ಟಿದರೆ ಅದನ್ನು ನೆಚ್ಚಿ ಕೂರಬೇಡಿ. ಎಣ್ಣೆಯ ಊಟದ ಬಳಿಕ ಬಲಪಕ್ಕೆಲುಬಿನ ಕೆಳಗೆ ಹಿಡಿದು ಬಲಹೆಗಲಿಗೆ ಹರಡುವ ನೋವು ಪಿತ್ತಕೋಶದ ಕಲ್ಲಿನದಿರಬಹುದು.

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು “ಗ್ಯಾಸ್” ಎಂಬ ಮಾತು. ಐವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಹೃದಯಾಘಾತ ಕೆಲವೊಮ್ಮೆ ಎದೆನೋವಿಲ್ಲದೆ ಮೇಲುಹೊಟ್ಟೆಯ ಉರಿಯಾಗಿಯೇ ಬರುತ್ತದೆ. ಹೆಂಗಸರಲ್ಲೂ ಹಾಗೆಯೇ. ಉರಿಯ ಜೊತೆ ತಣ್ಣನೆಯ ಬೆವರು, ಏದುಸಿರು, ದವಡೆಯಲ್ಲೋ ತೋಳಿನಲ್ಲೋ ಸೆಳೆತ ಇದ್ದರೆ ಸೋಡಾ ಕುಡಿಸುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಆಗಲಿ.

ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕೆಳಹೊಟ್ಟೆಯ ಒಂದು ಬದಿ ನೋವಾಗಿ ತಲೆಸುತ್ತು ಬಂದರೆ ಗರ್ಭ ನಾಳದಲ್ಲೇ ನಿಂತಿರಬಹುದು; ಒಳಗೆ ರಕ್ತಸ್ರಾವವಾಗುತ್ತಿರುತ್ತದೆ. ಗಂಡುಹುಡುಗರು ಹೊಟ್ಟೆನೋವು ಎಂದು ಹೇಳಿ ವೃಷಣದ ನೋವನ್ನು ಮುಚ್ಚಿಡುತ್ತಾರೆ. ತಿರುಚಿಕೊಂಡ ವೃಷಣವನ್ನು ಉಳಿಸಲು ಸಿಗುವ ಸಮಯ ಸುಮಾರು ಆರು ಗಂಟೆ. ನಾಚಿಕೆ ಬದಿಗಿಟ್ಟು ಕೇಳಿ.

ಮಳೆಗಾಲದಲ್ಲಿ ಇನ್ನೊಂದಿದೆ. ಡೆಂಗಿಯಲ್ಲಿ ಜ್ವರ ಬಿಟ್ಟಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿನಲ್ಲೇ ಹೊಟ್ಟೆ ಬಿಡದೆ ನೋಯತೊಡಗಿ, ವಾಂತಿ ನಿಲ್ಲದಿದ್ದರೆ ಅದು ಅಪಾಯದ ಸೂಚನೆ. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬರಿಯ ವಾಂತಿಭೇದಿಯಾಗಿದ್ದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ಚಹಾ ಚಮಚದ್ದು, ಸಮಮಟ್ಟಕ್ಕೆ. ಮಗುವಿನ ಬಾಯಿ ಒಣಗಿ, ಆರೆಂಟು ಗಂಟೆಯಿಂದ ಮೂತ್ರವೇ ಹೋಗಿಲ್ಲ ಎಂದರೆ ಮನೆಮದ್ದು ಸಾಲದು, ಆಸ್ಪತ್ರೆಗೆ ಹೊರಡಿ.

ಮಂಡಿನೋವಿಗೆಂದು ದಿನವೂ ನೋವಿನ ಮಾತ್ರೆ ನುಂಗುವ ಹಿರಿಯರ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮಲ ಡಾಮರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಕಂಡರೆ ಬೆಳಗಿನವರೆಗೆ ಕಾಯುವಂತಿಲ್ಲ. ಹರ್ನಿಯಾದ ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನೋಯುತ್ತಿದ್ದರೂ ಅಷ್ಟೇ.

ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನವರಿಗೆ ವೆನ್ಲಾಕ್ ಇದೆ. ನೋವು ಜೋರಾಗಿದ್ದರೆ ಹೊರಡುವಾಗ ಊಟ, ಕಾಫಿ ಏನೂ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾದೀತು. ದಿನವೂ ನುಂಗುವ ಮಾತ್ರೆಗಳ ಚೀಟಿ ಚೀಲದಲ್ಲಿರಲಿ. ನೋವು ಶುರುವಾದ ಹೊತ್ತು, ಸರಿದ ಜಾಗ, ಕೊನೆಯ ಊಟದ ಸಮಯ, ಮನೆಯಲ್ಲಿ ಕುಡಿಸಿದ ಮದ್ದು, ಎಲ್ಲವನ್ನೂ ವೈದ್ಯರಿಗೆ ಹೇಳಿ. ಹರಳೆಣ್ಣೆ ಕುಡಿಸಿದ್ದರೆ ಅದನ್ನೂ.