ಜರ್ಮನಿಯಲ್ಲಿ ಮೊದಲ ಇಂಟರ್‌ವ್ಯೂ: ಕಾಗದಕ್ಕೂ ಮಾತಿಗೂ ತಾಳೆ ಇರಲಿ

ಜರ್ಮನಿಯಲ್ಲಿ ಮಾಸ್ಟರ್ಸ್ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳ ವಾಸದ ಪರವಾನಗಿ ಸಿಗುತ್ತದೆ. ಈ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಕೇಳಲು ಧಾರಾಳವಾಗಿದೆ ಅನಿಸುತ್ತದೆ. ಆದರೆ ಅರ್ಜಿಗೆ ಉತ್ತರ ಬರುವುದಕ್ಕೇ ಇಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಕರೆ ಬಂದ ಒಂದೊಂದು ಇಂಟರ್‌ವ್ಯೂಗೂ ಬೆಲೆ ಇದೆ. ಕರೆದಿದ್ದಾರೆ ಅಂದರೆ ನಿಮ್ಮ ಕಾಗದಪತ್ರ ಅವರಿಗೆ ಹಿಡಿಸಿದೆ ಅಂತಲೇ ಅರ್ಥ. ಇನ್ನು ಉಳಿದಿರುವುದು, ಆ ಕಾಗದದಲ್ಲಿ ಇರುವವರೇ ಎದುರಿಗೆ ಕೂತಿದ್ದಾರಾ ಅಂತ ತಾಳೆ ನೋಡುವುದು.

ಅದಕ್ಕೇ ತಯಾರಿ ರೆಸ್ಯೂಮೆಯಿಂದ ಶುರುವಾಗಲಿ. ಇಲ್ಲಿ ಅದಕ್ಕೆ ಲೇಬೆನ್ಸ್‌ಲೌಫ್ ಅನ್ನುತ್ತಾರೆ. ಪ್ರತಿ ಓದು, ಪ್ರತಿ ಕೆಲಸದ ಮುಂದೆ ತಿಂಗಳು, ವರ್ಷ ಇರಬೇಕು. ನಡುವೆ ನಾಲ್ಕೈದು ತಿಂಗಳು ಖಾಲಿ ಕಂಡರೆ ಕೇಳಿಯೇ ಕೇಳುತ್ತಾರೆ. ಬಿಇ ಮುಗಿದ ಮೇಲೆ ವೀಸಾಗೆ ಕಾದು ಮನೆಯಲ್ಲಿ ಕೂತಿದ್ದರೆ ಹಾಗೇ ಹೇಳಿ, ಮುಚ್ಚಿಡುವಂಥದ್ದು ಅದರಲ್ಲೇನಿದೆ? ಇಲ್ಲಿನ ಅಂಕ ಉಲ್ಟಾ. 1.0 ಅತ್ಯುತ್ತಮ, 4.0 ಅಂದರೆ ಪಾಸು ಅಷ್ಟೇ. ಬರೀ 8.2 ಸಿಜಿಪಿಎ ಅಂತ ಬರೆದರೆ ತಲೆಬುಡ ಗೊತ್ತಾಗದೇ ಇರಬಹುದು. ಎಷ್ಟಕ್ಕೆ, ಪಾಸಾಗಲು ಎಷ್ಟು ಬೇಕು ಅಂತ ಪಕ್ಕದಲ್ಲೇ ಹಾಕಿ.

ಹೆಸರು ನಮ್ಮವರಿಗೆ ಇನ್ನೊಂದು ತಲೆನೋವು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ. ರೆಸ್ಯೂಮೆಯಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಾಗೇ ಬರೆಯಿರಿ. ನಿಮ್ಮನ್ನು ಏನಂತ ಕರೆಯಬೇಕು ಅನ್ನುವುದನ್ನು ಮೊದಲ ನಿಮಿಷದಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಒಂದು ಗಂಟೆ ಪೂರ್ತಿ ನಿಮ್ಮೂರಿನ ಹೆಸರಿನಲ್ಲೇ ಕರೆಸಿಕೊಳ್ಳುತ್ತೀರಿ!

ಓದುವಾಗ ವೆರ್ಕ್‌ಷ್ಟುಡೆಂಟ್ (ಓದಿನ ಜೊತೆ ಕಂಪನಿಯಲ್ಲಿ ಪಾರ್ಟ್‌ಟೈಮ್ ದುಡಿಯುವ ವಿದ್ಯಾರ್ಥಿ) ಆಗಿಯೋ ಇಂಟರ್ನ್ ಆಗಿಯೋ ಕೆಲಸ ಮಾಡಿದ್ದರೆ ಅಲ್ಲಿಂದ ಆರ್ಬೈಟ್ಸ್‌ಸೊಯ್ಗ್ನಿಸ್, ಅಂದರೆ ಕೆಲಸದ ಪ್ರಮಾಣಪತ್ರ ತಗೊಂಡಿರಾ? ಇದು ನಮ್ಮ ಎಕ್ಸ್‌ಪೀರಿಯನ್ಸ್ ಲೆಟರ್ ಥರ ಎರಡು ಸಾಲಿನದ್ದಲ್ಲ. ಏನು ಮಾಡಿದಿರಿ, ಹೇಗೆ ಮಾಡಿದಿರಿ, ಎಲ್ಲ ಇರುತ್ತದೆ. ಕೇಳಿ ಪಡೆಯುವುದು ನಿಮ್ಮ ಹಕ್ಕು. ಅದರಲ್ಲಿ ಯಾರೂ ನೇರವಾಗಿ ಬೈದು ಬರೆಯುವುದಿಲ್ಲ, ಹೊಗಳಿಕೆಯ ಮಟ್ಟದಲ್ಲೇ ಗ್ರೇಡ್ ಅಡಗಿರುತ್ತದೆ. 'ಪ್ರಯತ್ನ ಪಟ್ಟರು' ಅಂತ ಬರೆದಿದ್ದರೆ ಓದುವವರು ಕೆಲಸ ಆಗಲಿಲ್ಲ ಅಂತ ತಿಳಿಯುತ್ತಾರೆ. ಹಾಗಾಗಿ ಕೈಗೆ ಬಂದ ಕೂಡಲೇ ಜರ್ಮನ್ ಗೊತ್ತಿರುವ ಯಾರಿಂದಲಾದರೂ ಓದಿಸಿ. ತಿದ್ದಿಸಿಕೊಳ್ಳಲು ಆಗಲೇ ಕೇಳಬೇಕು.

ಇಂಟರ್‌ವ್ಯೂ ದಿನ ಐದು ಹತ್ತು ನಿಮಿಷ ಮೊದಲು ಬಾಗಿಲಲ್ಲಿರಿ. ಅರ್ಧ ಗಂಟೆ ಮೊದಲೇ ಹೋಗಿ ರಿಸೆಪ್ಷನ್ನಿನಲ್ಲಿ ಕೂತರೆ ಅವರಿಗೂ ಮುಜುಗರ. ರೈಲು ತಡವಾಗುವುದು ಇಲ್ಲಿ ಮಾಮೂಲು, ಅದನ್ನೇ ಕಾರಣ ಅಂತ ಹೇಳಿದರೆ ನಡೆಯುವುದಿಲ್ಲ. ಒಂದು ರೈಲು ಮುಂಚೆ ಹಿಡಿದು ಹತ್ತಿರದಲ್ಲೆಲ್ಲಾದರೂ ಕಾಫಿ ಕುಡಿಯುತ್ತಾ ಕಾಯಿರಿ. ಒಳಗೆ ಹೋದ ಮೇಲೆ ಮಾತುಮಾತಿಗೂ 'ಸರ್, ಮೇಡಂ' ಬೇಡ. ಫ್ರೌ ಷ್ಮಿಟ್, ಹೆರ್ ಷ್ಮಿಟ್ ಅಂತ ಸರ್‌ನೇಮ್ ಹಿಡಿದು ಮಾತಾಡಿಸುವುದು ವಾಡಿಕೆ. ಜರ್ಮನ್‌ನಲ್ಲಿ ಮಾತಾಡುವುದಾದರೆ ಅವರಾಗಿ 'ಡು' (ನೀನು) ಅನ್ನುವವರೆಗೂ ನೀವು 'ಜೀ'ನಲ್ಲೇ (ನೀವು) ಇರಿ. ಸ್ಟಾರ್ಟ್‌ಅಪ್‌ಗಳಲ್ಲಿ ಮೊದಲ ಮೇಲ್‌ನಲ್ಲೇ ಡು ಬಂದಿರುತ್ತದೆ, ಅಲ್ಲಿ ಚಿಂತೆಯಿಲ್ಲ.

ಇನ್ನು ಮಾತುಕತೆ. ನಮ್ಮವರು ಎಡವುವುದು ಜಾಸ್ತಿ ಇಲ್ಲೇ ಅಂತ ನನ್ನ ಅನಿಸಿಕೆ. ಪ್ರಾಜೆಕ್ಟ್ ಬಗ್ಗೆ ಕೇಳಿದರೆ 'ನಾವು ಮಾಡಿದೆವು' ಅಂತ ಶುರು ಮಾಡುತ್ತೇವೆ. ವಿನಯ ಒಳ್ಳೆಯದೇ, ಆದರೆ ಕೇಳುವವರಿಗೆ ಬೇಕಾದದ್ದು ನಿಮ್ಮ ಪಾಲು. ನಾಲ್ಕು ಜನರ ತಂಡ, ಟೆಸ್ಟಿಂಗ್ ನಾನು ನೋಡಿಕೊಂಡೆ, ಇಂಥ ತೊಂದರೆ ಬಂತು, ಹೀಗೆ ಬಗೆಹರಿಸಿದೆ, ಇಷ್ಟು ಮಾತ್ರ ಆಗಲಿಲ್ಲ. ಹೀಗೆ ಹೇಳಿದರೆ ನಂಬುತ್ತಾರೆ. 'ಆಗಲಿಲ್ಲ' ಅನ್ನುವ ಭಾಗವನ್ನು ಬಿಡಬೇಡಿ, ಅದು ಇದ್ದರೇ ಮಿಕ್ಕಿದ್ದಕ್ಕೆ ತೂಕ. ರೆಸ್ಯೂಮೆಯ ಒಂದೊಂದು ಸಾಲಿಗೂ ಇಂಥ ಒಂದು ಉದಾಹರಣೆ ಜೋಡಿಸಿಕೊಳ್ಳಿ. ಉದಾಹರಣೆ ಸಿಗದ ಸಾಲನ್ನು ಅರ್ಜಿ ಹಾಕುವ ಮೊದಲೇ ತೆಗೆದುಬಿಡಿ.

ಎಲ್ಲದಕ್ಕೂ 'ಬರುತ್ತದೆ, ಮಾಡುತ್ತೇನೆ' ಅಂದರೆ ಇಲ್ಲಿ ಅನುಮಾನ ಬರುತ್ತದೆ. ಒಂದು ಸಾಫ್ಟ್‌ವೇರ್ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅದಕ್ಕೆ ಹತ್ತಿರದ್ದು ಏನು ಗೊತ್ತು ಅಂತ ಸೇರಿಸಿ. ಭಾಷೆಯದೂ ಅದೇ ಕಥೆ. ರೆಸ್ಯೂಮೆಯಲ್ಲಿ ಜರ್ಮನ್ ಮಟ್ಟ ಬಿ2, ಅಂದರೆ ಚೆನ್ನಾಗಿ ಮಾತಾಡಬಲ್ಲೆ ಅಂತ ಬರೆದಿದ್ದರೆ ಮಾತಿನ ಮಧ್ಯೆ ಥಟ್ಟಂತ ಜರ್ಮನ್‌ಗೆ ತಿರುಗುತ್ತಾರೆ. ಆರಂಭದ ಮಟ್ಟವಾದ ಎ2 ಇದ್ದರೆ ಎ2 ಅಂತಲೇ ಬರೆದು, ನಿಮ್ಮ ಪರಿಚಯವನ್ನು ನಾಲ್ಕು ವಾಕ್ಯದಲ್ಲಿ ಜರ್ಮನ್‌ನಲ್ಲಿ ಹೇಳಲು ಕಲಿತು ಹೋಗಿ. ಅಷ್ಟಕ್ಕೇ ಅವರ ಮುಖ ಅರಳುತ್ತದೆ.

ಯೂನಿವರ್ಸಿಟಿ, ನಗರಸಭೆಯಂಥ ಸರ್ಕಾರಿ ಜಾಗಗಳಲ್ಲಿ ಎದುರಿಗೆ ಐದಾರು ಜನ ಕೂತಿರಬಹುದು. ನೌಕರರ ಪ್ರತಿನಿಧಿ, ಸಮಾನತೆಯ ವಿಷಯ ನೋಡಿಕೊಳ್ಳುವ ಅಧಿಕಾರಿ ಎಲ್ಲ ಇರುತ್ತಾರೆ. ಪ್ರಶ್ನೆಗಳನ್ನು ಕಾಗದ ನೋಡಿ ಓದುತ್ತಾರೆ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಮುಖದಲ್ಲಿ ಏನೂ ತೋರಿಸುವುದಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಅಳತೆ ಇರಲಿ ಅಂತ ಹಾಗೆ. ನಿಮ್ಮ ಮೇಲೆ ಸಿಟ್ಟೇನೂ ಇರುವುದಿಲ್ಲ.

ಮದುವೆ ಆಗಿದೆಯಾ, ಮಕ್ಕಳು ಯಾವಾಗ, ಯಾವ ಧರ್ಮ, ಇವೆಲ್ಲ ಕೇಳುವಂತಿಲ್ಲ. 2006ರಿಂದ ಇರುವ ಸಮಾನ ವರ್ತನೆಯ ಕಾನೂನು ಜನಾಂಗ, ಲಿಂಗ, ಧರ್ಮ, ಅಂಗವೈಕಲ್ಯ, ವಯಸ್ಸು, ಲೈಂಗಿಕತೆ ನೋಡಿ ತಾರತಮ್ಯ ಮಾಡುವುದನ್ನು ತಡೆಯುತ್ತದೆ. ರೆಸ್ಯೂಮೆಗೆ ಫೋಟೋ ಬೇಕೇಬೇಕು ಅಂತ ಈಗ ಇಲ್ಲದಿರುವುದೂ ಇದರಿಂದಲೇ. ಗರ್ಭಿಣಿಯಾ ಅಂತ ಕೇಳಿದರೆ ಸುಳ್ಳು ಹೇಳಿದರೂ ಕಾನೂನು ನಿಮ್ಮನ್ನು ಹಿಡಿಯುವುದಿಲ್ಲ. ಆದರೆ ಕೆಲಸ ಮಾಡುವ ಅನುಮತಿ ಇದೆಯಾ ಅಂತ ಕೇಳುವುದು ಸರಿ. ಪರವಾನಗಿ ನೋಡಿ ಅದರ ಪ್ರತಿ ಇಟ್ಟುಕೊಳ್ಳುವುದು ಕಂಪನಿಯ ಹೊಣೆ. ಅವರು ಕೇಳುವ ಮೊದಲೇ ನೀವೇ ಹೇಳಿಬಿಡುವುದು ಜಾಣತನ. ಸಣ್ಣ ಕಂಪನಿಗಳಿಗೆ ವೀಸಾ ಅಂದರೇ ಭಯ. 'ಇಂಥ ತಿಂಗಳವರೆಗೆ ಪರವಾನಗಿ ಇದೆ, ಆಮೇಲೆ ಬ್ಲೂ ಕಾರ್ಡಿಗೆ ನಾನೇ ಅರ್ಜಿ ಹಾಕುತ್ತೇನೆ' ಅಂದರೆ ಅವರ ಅರ್ಧ ಭಯ ಹೋಗುತ್ತದೆ. ಬ್ಲೂ ಕಾರ್ಡ್ ಅಂದರೆ ಡಿಗ್ರಿ ಇದ್ದು ಕೆಲಸ ಸಿಕ್ಕಿದವರಿಗೆ ಕೊಡುವ ವಾಸದ ಪರವಾನಗಿ.

ಬ್ಲೂ ಕಾರ್ಡ್ ಅಂದಕೂಡಲೇ ಸಂಬಳದ ಮಾತು ಬರುತ್ತದೆ, ಯಾಕೆಂದರೆ ಅದಕ್ಕೆ ಕನಿಷ್ಠ ಸಂಬಳದ ಮಿತಿ ಇದೆ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೋ ಇತ್ತು. ಡಿಗ್ರಿ ಮುಗಿದು ಮೂರು ವರ್ಷದೊಳಗಿನವರಿಗೆ ಮತ್ತು ಜನ ಸಿಗದ ವೃತ್ತಿಗಳಿಗೆ ಸುಮಾರು 43,760 ಇತ್ತು. ಪ್ರತಿ ಜನವರಿಯಲ್ಲಿ ಬದಲಾಗುತ್ತದೆ, ಆ ವರ್ಷದ್ದನ್ನು ನೋಡಿಕೊಂಡೇ ಹೋಗಿ. 'ಎಷ್ಟು ನಿರೀಕ್ಷೆ ಇದೆ' ಅಂತ ಅವರು ಕೇಳಿಯೇ ಕೇಳುತ್ತಾರೆ. 'ಕಂಪನಿ ನಿಯಮದಂತೆ ಕೊಡಿ' ಅನ್ನುವುದು ಉತ್ತರವಲ್ಲ. ವರ್ಷಕ್ಕೆ ಇಷ್ಟು ಬ್ರುಟ್ಟೊ ಅಂತ ಒಂದು ಅಂಕಿ ಹೇಳಿ ಸುಮ್ಮನಾಗಿ. ಬ್ರುಟ್ಟೊ ಅಂದರೆ ತೆರಿಗೆ, ಪಿಂಚಣಿ, ವಿಮೆಗಳನ್ನು ಕಳೆಯುವ ಮೊದಲಿನ ಮೊತ್ತ. ಮದುವೆಯಾಗದವರಿಗೆ 50,000 ಬ್ರುಟ್ಟೊದಲ್ಲಿ ಕೈಗೆ ಬರುವುದು ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಮ್ಮಿ. ಯಾವ ಕೆಲಸಕ್ಕೆ ಎಷ್ಟು ಅಂತ ತಿಳಿಯಲು ಉದ್ಯೋಗ ಇಲಾಖೆಯ ಎಂಟ್‌ಗೆಲ್ಟ್‌ಆಟ್ಲಾಸ್ ಅನ್ನುವ ವೆಬ್‌ಸೈಟ್ ಇದೆ, ಪುಕ್ಕಟೆ. ಸರ್ಕಾರಿ ಕೆಲಸಗಳಲ್ಲಿ ಮಾತ್ರ ಸಂಬಳದ ಕೋಷ್ಟಕ ಮೊದಲೇ ಇರುತ್ತದೆ, ಚೌಕಾಸಿಗೆ ಜಾಗ ಕಮ್ಮಿ.

ಕೊನೆಗೆ 'ನಿಮಗೇನಾದರೂ ಕೇಳುವುದಿದೆಯಾ' ಅನ್ನುತ್ತಾರೆ. ಇಲ್ಲ ಅಂದರೆ ಆಸಕ್ತಿ ಇಲ್ಲ ಅಂತ ತಿಳಿಯುತ್ತಾರೆ. ಮೊದಲ ಮೂರು ತಿಂಗಳು ಏನು ಕೆಲಸ, ತಂಡದಲ್ಲಿ ಯಾವ ಭಾಷೆ, ಈ ಜಾಗ ಯಾಕೆ ಖಾಲಿಯಾಯಿತು, ಇಂಥವನ್ನು ಕಾಗದದಲ್ಲಿ ಬರೆದುಕೊಂಡೇ ಹೋಗಬಹುದು. ಯಾವಾಗ ತಿಳಿಸುತ್ತೀರಿ ಅನ್ನುವುದನ್ನೂ ಅಲ್ಲೇ ಕೇಳಿ. ದೂರದ ಊರಿಂದ ಹೋಗಿದ್ದರೆ ಟಿಕೆಟ್ ಇಟ್ಟುಕೊಳ್ಳಿ. ಖರ್ಚು ಕೊಡುವುದಿಲ್ಲ ಅಂತ ಕರೆಯುವಾಗಲೇ ತಿಳಿಸಿರದಿದ್ದರೆ, ಕರೆದವರೇ ಪ್ರಯಾಣದ ಖರ್ಚು ಕೊಡಬೇಕು.

ಫೋನಿನಲ್ಲಿ 'ಆಯ್ಕೆಯಾದಿರಿ' ಅಂದ ಮೇಲೂ ಕರಾರು ಬರಲು ಒಂದೆರಡು ವಾರ ಆಗಬಹುದು. ನೌಕರರ ಮಂಡಳಿ, ಅಂದರೆ ಬೆಟ್ರೀಬ್ಸ್‌ರಾಟ್ ಇರುವ ದೊಡ್ಡ ಕಂಪನಿಗಳಲ್ಲಿ ಹೊಸಬರನ್ನು ಸೇರಿಸಲು ಅದರ ಒಪ್ಪಿಗೆ ಬೇಕು, ಅದಕ್ಕೆ ಒಂದು ವಾರದ ಸಮಯ ಇದೆ. ಕರಾರು ಬಂದ ಮೇಲೆ ಮೂರು ಕಡೆ ಕಣ್ಣಾಡಿಸಿ. ಪ್ರೋಬೇಷನ್ ಸಾಮಾನ್ಯವಾಗಿ ಆರು ತಿಂಗಳು, ಆಗ ಎರಡೂ ಕಡೆಯವರು ಎರಡು ವಾರದ ನೋಟಿಸಿನಲ್ಲಿ ಬಿಡಬಹುದು. ವಾರಕ್ಕೆ ಐದು ದಿನದ ಕೆಲಸಕ್ಕೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕಾನೂನಿನಲ್ಲೇ ಇದೆ, ಎಷ್ಟೋ ಕಂಪನಿಗಳು 28ರಿಂದ 30 ಕೊಡುತ್ತವೆ. ಮೂರನೆಯದು, ಕೆಲಸಕ್ಕೆ ಕೊನೆಯ ತಾರೀಕು ಇದೆಯಾ ಅಂತ. ಇದ್ದರೆ ಅದು ಕಾಯಂ ಅಲ್ಲ, ನಿಮ್ಮ ಪರವಾನಗಿಯ ಅವಧಿಗೂ ಅದರ ಲೆಕ್ಕ ತಗುಲುತ್ತದೆ.