ಯಾವ ಕುದುರೆ ಲಾಯದಲ್ಲಿರಲಿ, ಯಾವುದು ಮಾರಾಟಕ್ಕೆ ಹೋಗಲಿ?

15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್, ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಜಾತ್ರೆ ನಡೆಯುತ್ತದೆಂದೂ ಅಲ್ಲಿ 20 ಸಾವಿರದವರೆಗೆ ಕುದುರೆಗಳು ಮಾರಾಟವಾಗುತ್ತವೆಂದೂ ಬರೆದಿಟ್ಟಿದ್ದಾನೆ. ಆತ ದೂರದಿಂದ ತಂದಿದ್ದ ಗಂಡುಕುದುರೆಯನ್ನು ಕೊನೆಗೆ ಮಾರಿದ್ದು ಬೀದರಿನಲ್ಲಿಯೇ. ಇಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮನೆಗಳಲ್ಲಿ ಅನೇಕರು ಕುದುರೆ ಸಾಕುವುದು ಮೊಬೈಲಿನ ಆಟಗಳಲ್ಲಿ. ಬಿಸಿಲು ಹೊರಗೆ ಕಾಲಿಡಗೊಡದ ಬೇಸಿಗೆ ರಜೆಯಲ್ಲಿ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಈ ಆಟಗಳಲ್ಲಿ ಮುಳುಗುತ್ತಾರೆ. ಆರಂಭದಲ್ಲಿ ಎಲ್ಲವೂ ಸಲೀಸು. ಹುಟ್ಟಿದ ಮರಿಗಳನ್ನೆಲ್ಲ ಇಟ್ಟುಕೊಳ್ಳುತ್ತ ಹೋದಂತೆ ಲಾಯ ತುಂಬುತ್ತದೆ, ಮೇವಿನ ಖರ್ಚು ಬಹುಮಾನದ ಹಣವನ್ನು ಮೀರುತ್ತದೆ, ತಳಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಯಾವುದನ್ನು ತಳಿಗೆ ಬಳಸಬೇಕು, ಯಾವುದನ್ನು ಸ್ಪರ್ಧೆಗೆ ಇಳಿಸಬೇಕು, ಯಾವುದನ್ನು ಮಾರಬೇಕು ಎಂಬುದನ್ನು ಹಂತಹಂತವಾಗಿ ತೀರ್ಮಾನಿಸುವ ಬಗೆಯನ್ನು ಇಲ್ಲಿ ನೋಡೋಣ.

ಮೊದಲು ಗುರಿ ಒಂದೇ ಇರಲಿ

ಕುದುರೆ ಸಾಕಿ ತಳಿ ಬೆಳೆಸುವ ಹೌರ್ಸ್‌ನಂತಹ ಆನ್‌ಲೈನ್ ಆಟದಲ್ಲಿ ಪ್ರತಿ ಕುದುರೆಗೂ ತಾಳಿಕೆ, ವೇಗ, ಡ್ರೆಸಾಜ್ (ಸವಾರನ ಸೂಚನೆಯಂತೆ ಶಿಸ್ತಿನ ನಡೆ), ಗ್ಯಾಲಪ್ (ನಾಗಾಲೋಟ), ಟ್ರಾಟ್ (ಲಘು ಓಟ), ಜಂಪಿಂಗ್ (ಜಿಗಿತ) ಎಂಬ ಆರು ಕೌಶಲಗಳಿರುತ್ತವೆ. ಆರರಲ್ಲಿಯೂ ಉತ್ತಮವಾದ ಕುದುರೆ ಬೇಕೆಂದು ಹೊರಟರೆ ಆರರಲ್ಲಿಯೂ ಸಾಧಾರಣವಾದ ಕುದುರೆ ಸಿಗುತ್ತದೆ, ಏಕೆಂದರೆ ಒಂದು ಗುಣಕ್ಕಾಗಿ ಮಾಡಿದ ಆಯ್ಕೆ ಇನ್ನೊಂದರ ಆಯ್ಕೆಯನ್ನು ಸಡಿಲಗೊಳಿಸುತ್ತದೆ. ಆದ್ದರಿಂದ ನಿಮ್ಮ ಲಾಯ ಜಿಗಿತದ ಲಾಯವೋ, ಓಟದ ಲಾಯವೋ, ಅಪರೂಪದ ಬಣ್ಣದ ಲಾಯವೋ ಎಂಬುದನ್ನು ಮೊದಲೇ ನಿರ್ಧರಿಸಿ, ಆ ಗುರಿಗೆ ಬೇಕಾದ ಎರಡು ಅಥವಾ ಮೂರು ಗುಣಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪ್ರತಿ ಕುದುರೆಗೂ ಒಂದು ಸಾಲು ಸಾಕು: ಹೆಸರು, ತಂದೆ, ತಾಯಿ, ಆ ಗುಣಗಳ ಅಂಕ, ಬಣ್ಣ. ಮುಂದಿನ ತೀರ್ಮಾನಗಳೆಲ್ಲ ಈ ಸಾಲನ್ನು ನೋಡಿಯೇ ಆಗಬೇಕು.

ಗೆದ್ದ ಕುದುರೆಯೇ ತಳಿಗೆ ಯೋಗ್ಯವೆಂದು ತಿಳಿಯಬೇಡಿ

ಹೊಸಬರ ಲಾಯಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸ್ಪರ್ಧೆಯ ಗೆಲುವಿನಲ್ಲಿ ಹುಟ್ಟುಗುಣದ ಜೊತೆಗೆ ತರಬೇತಿ, ಜೀನು ಮತ್ತು ಲಗಾಮಿನ ಗುಣಮಟ್ಟ, ಆ ದಿನದ ದಣಿವು, ಎದುರಾಳಿಗಳ ಮಟ್ಟ ಎಲ್ಲವೂ ಸೇರಿರುತ್ತವೆ. ಇವುಗಳಲ್ಲಿ ಮರಿಗೆ ದಾಟುವುದು ಹುಟ್ಟುಗುಣ ಒಂದೇ. ಔರಾದ್, ಭಾಲ್ಕಿ ಕಡೆ ದೇವಣಿ ಹೋರಿಯನ್ನು ಕೊಳ್ಳುವ ಅನುಭವಸ್ಥ ರೈತರು ಅದರ ಮೈಕಟ್ಟನ್ನು ನೋಡಿ ಸುಮ್ಮನಾಗದೆ ತಾಯಿ ಎಷ್ಟು ಹಾಲು ಕೊಡುತ್ತಿತ್ತೆಂದು ವಿಚಾರಿಸುವುದುಂಟು. ಆಟದಲ್ಲಿಯೂ ಟ್ರೋಫಿಗಳ ಪುಟವನ್ನು ಬಿಟ್ಟು ವಂಶವೃಕ್ಷದ ಪುಟವನ್ನು ಮೊದಲು ತೆರೆಯಬೇಕು. ಅನುವಂಶೀಯ ಸಾಮರ್ಥ್ಯದ ಅಂಕವನ್ನು ಪ್ರತ್ಯೇಕವಾಗಿ ತೋರಿಸುವ ಆಟಗಳಲ್ಲಿ ಆ ಅಂಕವೇ ಪ್ರಮಾಣ. ತೋರಿಸದ ಆಟಗಳಲ್ಲಿ ಈಗಾಗಲೇ ಹುಟ್ಟಿರುವ ಮರಿಗಳ ಅಂಕಗಳನ್ನು ನೋಡಿ ತಂದೆ ತಾಯಿಯ ಬೆಲೆ ಕಟ್ಟಬೇಕು.

ಹಾಗೆಂದು ಸ್ಪರ್ಧೆಯನ್ನು ಕಡೆಗಣಿಸುವಂತಿಲ್ಲ. ಹೌರ್ಸ್‌ನಲ್ಲಿ ಬ್ಲಪ್ ಎಂಬ ಅಂಕ ಮೈನಸ್ 100ರಿಂದ 100ರವರೆಗೆ ಇರುತ್ತದೆ. ಅದು ವಯಸ್ಸು, ತರಬೇತಿ ಮತ್ತು ಸ್ಪರ್ಧೆಗಳ ಗೆಲುವಿನಿಂದ ಏರುತ್ತದೆ, ಹುಟ್ಟುವ ಮರಿಯ ಸಾಮರ್ಥ್ಯದ ಮೇಲೆ ಪರಿಣಾಮ ಬೀರುತ್ತದೆ. ಅಂತಹ ಆಟದಲ್ಲಿ ಸ್ಪರ್ಧೆ ತಳಿ ಅಭಿವೃದ್ಧಿಯ ಮೊದಲ ಮೆಟ್ಟಿಲೇ ಆಗಿದೆ. ಅವಸರದಿಂದ ಎಳೆಯ ಕುದುರೆಯನ್ನು ಕೂಡಿಸುವುದಕ್ಕಿಂತ, ಅದನ್ನು ಪೂರ್ತಿ ಪಳಗಿಸಿ, ಗೆಲ್ಲಿಸಿ, ಆಮೇಲೆ ತಳಿಗೆ ಬಳಸುವುದು ಲಾಭದಾಯಕ.

ಮರಿಯನ್ನು ತಂದೆ ತಾಯಿಯ ಜೊತೆ ಹೋಲಿಸಿ

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಿಮ್ಮ ಹೆಣ್ಣುಕುದುರೆ ಮಲ್ಲಿಗೆಗೆ ಜಿಗಿತದಲ್ಲಿ 80 ಅಂಕ, ಗಂಡುಕುದುರೆ ಸಿಡಿಲಿಗೆ 90 ಅಂಕ ಇವೆ ಎಂದುಕೊಳ್ಳಿ. ಅನೇಕ ಜೀನ್‌ಗಳು (ವಂಶವಾಹಿಗಳು) ಸೇರಿ ರೂಪಿಸುವ ಗುಣಗಳಲ್ಲಿ ಮರಿಗಳ ಅಂಕ ತಂದೆ ತಾಯಿಯ ಸರಾಸರಿಯ ಆಸುಪಾಸಿನಲ್ಲಿ ಹರಡಿಕೊಳ್ಳುತ್ತದೆ. ಇಲ್ಲಿ ಆ ಸರಾಸರಿ 85. ಒಂದು ಮರಿಗೆ 83 ಬರಬಹುದು, ಇನ್ನೊಂದಕ್ಕೆ 88, ಅದೃಷ್ಟವಿದ್ದರೆ ಮತ್ತೊಂದಕ್ಕೆ 92. ಹುಟ್ಟಿದ್ದು 86 ಅಂಕದ ಹೆಣ್ಣುಮರಿಯಾದರೆ ಅದು ಮಲ್ಲಿಗೆಗಿಂತ ಮೇಲು. ಆದ್ದರಿಂದ ಅದು ಲಾಯದಲ್ಲಿ ಉಳಿಯಬೇಕು, ಅದು ಬೆಳೆದ ಮೇಲೆ ಮಲ್ಲಿಗೆ ಜಾಗ ಬಿಡಬೇಕು. ಅದೇ 86 ಅಂಕ ಗಂಡುಮರಿಗೆ ಬಂದರೆ ತೀರ್ಮಾನ ಬೇರೆ. ಅದು ಸಿಡಿಲಿಗಿಂತ ಕೆಳಗಿರುವುದರಿಂದ ತಳಿಗೆ ಬೇಡ. ಅದನ್ನು ಬೀಜ ಒಡೆಸಿ ಸ್ಪರ್ಧೆಗೆ ಇಟ್ಟುಕೊಳ್ಳಬಹುದು, ಇಲ್ಲವೇ ಮಾರಬಹುದು.

ಗಂಡುಮರಿಗೆ ಅಳತೆ ಇಷ್ಟು ಬಿಗಿಯಾಗಿರಲು ಕಾರಣವಿದೆ. ಹೆಣ್ಣುಕುದುರೆ ಸುಮಾರು 11 ತಿಂಗಳು ಗಬ್ಬವಿದ್ದು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಗಂಡುಕುದುರೆ ಅಷ್ಟರಲ್ಲಿ ಅನೇಕ ಮರಿಗಳಿಗೆ ತಂದೆಯಾಗುತ್ತದೆ. ಲಾಯದ ಮುಂದಿನ ಪೀಳಿಗೆಯ ಅರ್ಧ ಗುಣ ಒಂದೆರಡು ಗಂಡುಕುದುರೆಗಳಿಂದಲೇ ಬರುವುದರಿಂದ, ಅವುಗಳ ಆಯ್ಕೆಯಲ್ಲಿ ಮಮತೆಗೆ ಅವಕಾಶ ಕೊಡಬಾರದು. ಮೊದಲ ಮರಿ, ಚಂದದ ಹೆಸರಿಟ್ಟ ಮರಿ ಎಂದು ಉಳಿಸಿಕೊಂಡ ಗಂಡುಕುದುರೆ ಇಡೀ ಲಾಯವನ್ನು ಹಿಂದಕ್ಕೆ ಎಳೆಯುತ್ತದೆ.

ರಕ್ತಸಂಬಂಧದ ಲೆಕ್ಕ

ಅತ್ಯುತ್ತಮ ಗಂಡುಕುದುರೆ ಸಿಕ್ಕಿತೆಂದು ಅದರ ಮಗಳಿಗೇ ಅದನ್ನು ಕೂಡಿಸುವ ಆಸೆ ಎಲ್ಲರಿಗೂ ಬರುತ್ತದೆ. ತಂದೆ ಮಗಳ ನಡುವೆ, ಇಲ್ಲವೇ ಒಡಹುಟ್ಟಿದವುಗಳ ನಡುವೆ ಹುಟ್ಟಿದ ಮರಿಯ ಒಳತಳಿ ಗುಣಾಂಕ, ಅಂದರೆ ತಂದೆ ತಾಯಿಯ ರಕ್ತಸಂಬಂಧ ಎಷ್ಟು ಹತ್ತಿರದ್ದೆಂಬುದರ ಅಳತೆ, ಶೇ 25. ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿದ್ದರೆ ಶೇ 12.5, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಂತಹ ಸಂಬಂಧವಾದರೆ ಶೇ 6.25. ಈ ಪ್ರಮಾಣ ಏರಿದಂತೆ ಅಡಗಿದ್ದ ದೋಷಗಳು ಜೋಡಿಯಾಗಿ ಹೊರಬೀಳುವ ಸಾಧ್ಯತೆಯೂ ಏರುತ್ತದೆ. ಕೆಲವು ಆಟಗಳು ಇಂತಹ ಕೂಡಿಕೆಯನ್ನು ತಡೆಯುತ್ತವೆ, ಕೆಲವು ಮರಿಯ ಅಂಕವನ್ನು ತಗ್ಗಿಸುತ್ತವೆ, ಇನ್ನು ಕೆಲವು ಏನೂ ಮಾಡುವುದಿಲ್ಲ. ನಿಮ್ಮ ಆಟ ಯಾವ ಬಗೆಯದೆಂದು ಅದರ ನಿಯಮಗಳ ಪುಟದಲ್ಲಿ ಓದಿಕೊಳ್ಳಿ. ಏನೇ ಇರಲಿ, ಪರಸ್ಪರ ಸಂಬಂಧವಿಲ್ಲದ ಎರಡು ಗಂಡು ಸಾಲುಗಳನ್ನು ಲಾಯದಲ್ಲಿ ಇಟ್ಟುಕೊಂಡರೆ ಇಂತಹ ಕೂಡಿಕೆಯನ್ನು ತಪ್ಪಿಸುವುದು ಸುಲಭವಾಗುತ್ತದೆ.

ಬಣ್ಣದ ಆಸೆ

ಬಣ್ಣಗಳಲ್ಲಿ ನಿಜವಾದ ಜೀನ್‌ಗಳನ್ನೇ ಅನುಸರಿಸುವ ಆಟಗಳಿವೆ. ಅಲ್ಲಿ ಸ್ವಲ್ಪ ತಿಳಿವಳಿಕೆ ಬಹಳ ಹಣ ಉಳಿಸುತ್ತದೆ. ಹೊಂಬಣ್ಣದ ಮೈ, ಬಿಳಿ ಕೇಸರದ ಪಾಲೋಮಿನೊ ಕುದುರೆಗೆ ಮಾರುಕಟ್ಟೆಯಲ್ಲಿ ಬೇಡಿಕೆಯಿದ್ದರೆ ಜನರು ಎರಡು ಪಾಲೋಮಿನೊಗಳನ್ನು ಕೂಡಿಸುತ್ತಾರೆ. ಆದರೆ ಪಾಲೋಮಿನೊದಲ್ಲಿ ಮೈಬಣ್ಣವನ್ನು ತಿಳಿಗೊಳಿಸುವ ಕ್ರೀಮ್ ಜೀನ್‌ನ ಒಂದೇ ಪ್ರತಿ ಇರುವುದರಿಂದ, ಆ ಜೋಡಿಯಲ್ಲಿ ಪಾಲೋಮಿನೊ ಹುಟ್ಟುವ ಸಾಧ್ಯತೆ ಅರ್ಧದಷ್ಟೇ. ಕಾಲು ಭಾಗ ಆ ಜೀನ್ ಇಲ್ಲದ, ಕೆಂಗಂದು ಬಣ್ಣದ ಚೆಸ್ಟ್‌ನಟ್ ಆಗುತ್ತದೆ, ಇನ್ನು ಕಾಲು ಭಾಗ ಅದರ ಎರಡು ಪ್ರತಿ ಇರುವ, ತೆಳು ಕೆನೆಬಣ್ಣದ ಕ್ರೆಮೆಲ್ಲೊ. ಇದರ ಬದಲು ಕ್ರೆಮೆಲ್ಲೊವನ್ನು ಚೆಸ್ಟ್‌ನಟ್‌ಗೆ ಕೂಡಿಸಿದರೆ, ಬೇರೆ ಬಣ್ಣ ತಿಳಿಗೊಳಿಸುವ ಜೀನ್‌ಗಳಾಗಲಿ ಮಚ್ಚೆಯ ಜೀನ್‌ಗಳಾಗಲಿ ಇಲ್ಲದಿದ್ದಲ್ಲಿ, ಪ್ರತಿ ಮರಿಯೂ ಪಾಲೋಮಿನೊ ಆಗಿರುತ್ತದೆ. ಸಂತೆಯಲ್ಲಿ ಯಾರೂ ಕೇಳದ ಕ್ರೆಮೆಲ್ಲೊವನ್ನು ಕಡಿಮೆ ಬೆಲೆಗೆ ಕೊಂಡವರೇ ಇಲ್ಲಿ ಗೆಲ್ಲುತ್ತಾರೆ.

ಫ್ರೇಮ್ ಎಂಬ ಮಚ್ಚೆಯ ಜೀನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದರ ಒಂದು ಪ್ರತಿ ಇರುವ ಕುದುರೆ ಆರೋಗ್ಯವಾಗಿಯೇ ಇರುತ್ತದೆ. ಎರಡು ಪ್ರತಿ ಪಡೆದ ಮರಿ ಬಿಳಿಯಾಗಿ ಹುಟ್ಟಿ, ಕರುಳಿನ ನರಗಳು ಬೆಳೆಯದ ಕಾರಣ ಕೆಲವೇ ದಿನಗಳಲ್ಲಿ ಸಾಯುತ್ತದೆ. ನಿಜ ಜೀವನದ ಈ ಸಂಗತಿಯನ್ನು ಅಳವಡಿಸಿಕೊಂಡಿರುವ ಆಟಗಳಲ್ಲಿ ಫ್ರೇಮ್ ಇರುವ ಎರಡನ್ನು ಎಂದಿಗೂ ಕೂಡಿಸಬಾರದು.

ಮಾರುವ ಹೊತ್ತು

ಗುರಿಯ ಗುಣದಲ್ಲಿ ತಾಯಿಯನ್ನು ಮೀರದ ಹೆಣ್ಣುಮರಿ, ತಂದೆಯನ್ನು ಮೀರದ, ಸ್ಪರ್ಧೆಗೂ ಇಟ್ಟುಕೊಳ್ಳದ ಗಂಡುಮರಿ, ಬದಲಿ ಬಂದ ಮೇಲೆ ಉಳಿದ ಹಳೆಯ ಕುದುರೆ, ಈ ಮೂರೂ ಮಾರಾಟಕ್ಕೆ ಸೇರಿದವು. ಮೇವು, ಲಾಯದ ಬಾಡಿಗೆ, ಲಾಳದ ಖರ್ಚು ದಿನವೂ ಏರುವುದರಿಂದ ಮರಿಗಳನ್ನು ಎಳೆಯ ವಯಸ್ಸಿನಲ್ಲಿಯೇ ಮಾರುವುದು ಉತ್ತಮ. ತರಬೇತಿ ಕೊಟ್ಟು ಮಾರುವುದಾದರೆ, ಏರುವ ಬೆಲೆ ಆ ಖರ್ಚಿಗಿಂತ ಹೆಚ್ಚಿರಬೇಕು. ಹಳೆಯ ಹೆಣ್ಣುಕುದುರೆಯನ್ನು ಅದರ ಕೊನೆಯ ಮರಿಗಾಗಿ ಕಾಯುತ್ತ ಮುದಿಯಾಗಿಸುವುದಕ್ಕಿಂತ, ತಳಿಗೆ ಇನ್ನೂ ಸಲ್ಲುವ ವಯಸ್ಸಿನಲ್ಲಿಯೇ ಹೊಸ ಆಟಗಾರನೊಬ್ಬನಿಗೆ ಕೊಟ್ಟರೆ ಬೆಲೆಯೂ ಬರುತ್ತದೆ, ಅವನ ಲಾಯಕ್ಕೆ ಒಳ್ಳೆಯ ಬುನಾದಿಯೂ ಆಗುತ್ತದೆ.

ಮಾರಾಟದ ಪುಟದಲ್ಲಿ ಕುದುರೆಯ ಅಂಕ, ತಂದೆ ತಾಯಿಯ ಅಂಕ, ತಿಳಿದಿರುವ ಬಣ್ಣದ ಜೀನ್‌ಗಳು, ಫ್ರೇಮ್ ಇದೆಯೋ ಇಲ್ಲವೋ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಬೆಲೆ ಇಡುವ ಮೊದಲು ಅದೇ ತಳಿಯ, ಅದೇ ವಯಸ್ಸಿನ ಕುದುರೆಗಳು ಆ ವಾರ ಎಷ್ಟಕ್ಕೆ ಮಾರಾಟವಾಗಿವೆ ಎಂಬುದನ್ನು ನೋಡಿಕೊಳ್ಳಿ. ಮಾರಾಟಕ್ಕೆ ಇಟ್ಟ ಬೆಲೆಗಳನ್ನಲ್ಲ, ನಿಜವಾಗಿ ಕೈಬದಲಾದ ಬೆಲೆಗಳನ್ನು.